ಗೋಡೆಯ ಬುಡದ ಕ್ಯಾನುಗಳು

ಊಟಕ್ಕೆಂದು ಜನರೇಟರ್ ಕೋಣೆಯಿಂದ ಹೊರಗೆ ಬಂದ ನೊರ್ಬರ್ಟ್, ಹಳೆಯ ಮಸೀದಿಯ ಗೋಡೆಯ ಕಡೆ ನೋಡಿದವನು ಅಲ್ಲೇ ನಿಂತುಬಿಟ್ಟ. ಬೆಳಿಗ್ಗೆ ನೆರಳಿಗೆ ತಂದಿಟ್ಟಿದ್ದ ಡೀಸೆಲ್ ಕ್ಯಾನುಗಳು ಕಾಣಲಿಲ್ಲ. ಅವು ಇದ್ದ ಜಾಗದಲ್ಲಿ ಒದ್ದೆ ಗೋಣಿಯ ಗಂಟೊಂದು ಇತ್ತು.

ಒಳಗೇನಿದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಹತ್ತಿರ ಹೋಗಿ ಬಿಚ್ಚಿದ. ಒಳ್ಳೆಯ ಗಾತ್ರದ ಹಾಮೂರ್ ಮೀನು, ಹೊಟ್ಟೆ ಸೀಳಿ ತೊಳೆದದ್ದು. ಗೋಡೆಯ ಆಚೆ ಬದಿಗೆ ಹೋಗಿ ನೋಡಿದರೆ ಕ್ಯಾನುಗಳು ಸಾಲಾಗಿ ಬೋರಲು ಮಲಗಿದ್ದವು. ಒಂದನ್ನು ಎತ್ತಿ ಅಲ್ಲಾಡಿಸಿದ. ಖಾಲಿ. ಬಾಯಿಯ ಸುತ್ತ ಕಪ್ಪು ಲೋಳೆ ಅಂಟಿಕೊಂಡಿತ್ತು.

ಕಡಲ ಕಡೆ ಓಡಿದ. ಅಬು ನಾಸಿರ್‌ನ ದೋಣಿ ಕಟ್ಟುವ ಗೂಟದಲ್ಲಿ ಹಗ್ಗ ಮಾತ್ರ ಉಳಿದಿತ್ತು.

ಉಮ್ ಸುವೈಯ ಎಂಬ ಆ ಊರನ್ನು ಊರು ಎಂದು ಕರೆಯುವುದು ಮರ್ಯಾದೆಗೆ ಅಷ್ಟೆ. ಕತಾರಿನ ಉತ್ತರದ ತುದಿಯಲ್ಲಿ, ಡಾಂಬರು ರಸ್ತೆ ಮುಗಿದ ಮೇಲೂ ಒಂದಷ್ಟು ದೂರ ಹೋದರೆ ಸಿಗುವ ಹವಳದ ಕಲ್ಲಿನ ಮನೆಗಳ ಗುಂಪು. ಹೆಚ್ಚಿನವಕ್ಕೆ ಮಾಡು ಇಲ್ಲ. ಕಡಲಿನಿಂದ ಮುತ್ತು ತೆಗೆಯುವ ಕಾಲ ಮುಗಿದು, ಜನ ಒಬ್ಬೊಬ್ಬರಾಗಿ ದೋಹಾ ಸೇರಿದ ಮೇಲೆ ಅಬು ನಾಸಿರ್ ಎಂಬ ಮುದುಕ ಮಾತ್ರ ತನ್ನ ಆಡುಗಳ ಜೊತೆ ಉಳಿದುಕೊಂಡ. ಅವನ ದೋಣಿ ನೋಡಿಕೊಳ್ಳಲು ಮಲ್ಪೆಯ ಸಂಕಪ್ಪ ಇದ್ದ. ಹಳೆಯ ಮನೆಗಳನ್ನು ದುರಸ್ತಿ ಮಾಡುತ್ತೇವೆ ಎಂದು ಬಂದ ಕಂಪೆನಿ ಅರ್ಧಕ್ಕೇ ಕೆಲಸ ನಿಲ್ಲಿಸಿ ಹೋದಾಗ, ಜನರೇಟರನ್ನೂ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವನ್ನೂ ನೋಡಿಕೊಳ್ಳಲು ಶಿರ್ವದ ನೊರ್ಬರ್ಟನನ್ನು ಬಿಟ್ಟು ಹೋಯಿತು. ಮೂರು ಜನರ ಊರು.

ಆ ಊರಿಗೆ ಒಂದು ಪದ್ಧತಿ ಇತ್ತು. ಮಸೀದಿ ಗೋಡೆಯ ಬುಡದಲ್ಲಿ ಇಟ್ಟದ್ದು ಬೇಕಾದವನಿಗೆ ಸೇರಿದ್ದು. ಕೇಳಬೇಕಾಗಿಲ್ಲ, ಹೇಳಬೇಕಾಗಿಲ್ಲ. ತೆಗೆದುಕೊಂಡವನು ತನ್ನ ಕೈಲಾದದ್ದನ್ನು ಅಲ್ಲಿಡಬೇಕು. ದೋಣಿಗಳು ತುಂಬಿದ್ದ ಕಾಲದಲ್ಲಿ ಯಾವ ಮನೆಯಲ್ಲಿ ಒಲೆ ಉರಿದಿಲ್ಲ ಎಂದು ಯಾರೂ ಯಾರನ್ನೂ ವಿಚಾರಿಸಬಾರದು ಎಂಬ ಕಾರಣಕ್ಕೆ ಹುಟ್ಟಿದ ಪದ್ಧತಿ. ನೊರ್ಬರ್ಟನಿಗೆ ಜ್ವರ ಬಂದಿದ್ದಾಗ ಆಡಿನ ಹಾಲು ಅಲ್ಲಿ ಸಿಕ್ಕಿತ್ತು. ಅದಕ್ಕೆ ಬದಲಾಗಿ ಅವನು ಅಲ್ ವಕ್ರಾದ ಮನೆಗೆ ಹೋಗಿ ಬರುವಾಗ ಪಂಪಿನಿಂದ ಒಂದು ಕ್ಯಾನು ಡೀಸೆಲ್ ತಂದು ಅಲ್ಲಿಟ್ಟಿದ್ದ. ಮುದುಕ ಅದನ್ನು ದೋಣಿಗೆ ಹಾಕಿಕೊಂಡಿದ್ದ.

ಅದು ನೆನಪಾಗಿ ನೊರ್ಬರ್ಟ್ ತನ್ನನ್ನೇ ಬೈದುಕೊಂಡ. ಗೊತ್ತಿದ್ದೂ ಇವನ್ನು ಅಲ್ಲೇ ಇಟ್ಟೆನಲ್ಲ.

ಈ ಕ್ಯಾನುಗಳಲ್ಲಿ ಇದ್ದದ್ದು ಬೇರೆಯೇ ಡೀಸೆಲ್. ಜನರೇಟರಿನ ತೊಟ್ಟಿ ದೊಡ್ಡದು, ಆಫೀಸಿನವರು ಕಳಿಸುವ ಡೀಸೆಲ್ ಸ್ವಲ್ಪ. ಉಳಿದ ಜಾಗದಲ್ಲೆಲ್ಲ ಕಡಲ ಹಸಿ ಗಾಳಿ. ಬಿಸಿಲು ಇಳಿದು ತಗಡು ತಣ್ಣಗಾದ ಕೂಡಲೇ ತೊಟ್ಟಿ ಒಳಗೊಳಗೇ ಬೆವರುತ್ತದೆ. ಆ ನೀರು ತಳಕ್ಕೆ ಇಳಿಯುತ್ತದೆ, ನೀರಿಗೂ ಡೀಸೆಲ್‌ಗೂ ನಡುವೆ ಕಪ್ಪು ಲೋಳೆ ಬೆಳೆಯುತ್ತದೆ, ಅದು ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ನೊರ್ಬರ್ಟ್ ಆಗಾಗ ತಳದ ನಲ್ಲಿ ಬಿಚ್ಚಿ ಹೊಲಸನ್ನು ಕ್ಯಾನುಗಳಿಗೆ ಇಳಿಸುತ್ತಿದ್ದ. ಒಯ್ಯುವ ಲಾರಿ ಬರುತ್ತದೆ ಬರುತ್ತದೆ ಎಂದು ಆಫೀಸು ಹೇಳುತ್ತಲೇ ಇತ್ತು. ಕ್ಯಾನುಗಳು ಹೆಚ್ಚಾಗಿ ಕೋಣೆಯಲ್ಲಿ ಉಸಿರಾಡಲಾಗದೆ ಇಂದು ಬೆಳಿಗ್ಗೆ ಒಂದನ್ನು ಬಿಟ್ಟು ಉಳಿದವನ್ನು ಹೊರಗೆ ಸಾಗಿಸಿದ್ದ. ಆ ಬಯಲಿನಲ್ಲಿ ನೆರಳು ಇದ್ದದ್ದು ಅದೊಂದೇ ಕಡೆ. ಕೆಂಪು ಬಟ್ಟೆ ಕಟ್ಟಿ ಗುರುತು ಮಾಡೋಣ ಎಂದು ಒಳಗೆ ಹೋದವನಿಗೆ ಇಂಜಿನ್ನಿನ ಸದ್ದು ಏರಿಳಿಯುವುದು ಕೇಳಿಸಿತು. ಫಿಲ್ಟರ್ ಬದಲಿಸುತ್ತ ಕುಳಿತವನಿಗೆ ಬಟ್ಟೆ ಮರೆತುಹೋಯಿತು.

ಈಗ ಅದು ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಮುಚ್ಚಳ ತೆಗೆದು ನೋಡಿದರೆ ಮೇಲೆಲ್ಲ ಒಳ್ಳೆಯ ಡೀಸೆಲ್ಲೇ. ಬಣ್ಣದಲ್ಲಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಮುದುಕ ತಾನೇ ಸುರಿದುಕೊಂಡಿರಬೇಕು. ಸಂಕಪ್ಪ ಆಗ ದೋಣಿಗೆ ಮೀನು ಹಿಡಿಯುವ ಬುಟ್ಟಿ ಏರಿಸುತ್ತಿದ್ದನೇನೋ. ಹೊರಡುವಾಗ ಇಂಜಿನ್ ಚೆನ್ನಾಗಿಯೇ ಓಡಿರುತ್ತದೆ. ಅಲೆಗೆ ದೋಣಿ ಕುಲುಕಿ ತಳದ್ದು ಮೇಲೆದ್ದಾಗ ನಿಲ್ಲುತ್ತದೆ.

ಸಂಕಪ್ಪನಿಗೆ ಫೋನು ಮಾಡಿದ. ಹತ್ತಲಿಲ್ಲ. ಮತ್ತೆ ಮಾಡಿದ. ಸಂಜೆಗೆ ಶಮಾಲ್ ಗಾಳಿ, ಸಣ್ಣ ದೋಣಿಗಳು ಹೋಗಬಾರದು ಎಂಬ ಸಂದೇಶ ಫೋನಿನಲ್ಲಿ ಕಣ್ಣಿಗೆ ರಾಚುತ್ತಿತ್ತು. ಗಾಳಿ ಬರುವ ಮುಂಚೆ, ಮೀನು ಬೀಳಲೆಂದು ಕಡಲಿನಲ್ಲಿ ಮುಳುಗಿಸಿಟ್ಟ ಬುಟ್ಟಿಗಳನ್ನು ಎತ್ತಿಕೊಂಡು ಬರುತ್ತೇನೆ ಎಂದು ಮುದುಕ ಹೊರಟಿರಬೇಕು.

ದೋಹಾದಲ್ಲಿದ್ದ ಮೇಲಧಿಕಾರಿ ವೆಂಕಟರಾಮುವಿಗೆ ಫೋನು ಹಚ್ಚಿದ.

"ಏನ್ರೀ ನೊರ್ಬರ್ಟ್, ಶನಿವಾರಾನಾದ್ರೂ ಬಿಡಲ್ವಲ್ಲ ನೀವು."

"ಸಾರ್, ಆ ವೇಸ್ಟ್ ಡೀಸೆಲ್ ಉಂಟಲ್ಲ, ಅದನ್ನು ಅಬು ನಾಸಿರ್ ಬೋಟಿಗೆ ಹಾಕ್ಕೊಂಡು ಹೋಗಿದ್ದಾರೆ."

"ಹೋಗ್ಲಿ ಬಿಡ್ರಿ. ಲಾರಿ ಕಳಿಸೋ ತಲೆನೋವು ತಪ್ತು."

"ಅಡಿಯಲ್ಲಿ ಪೂರಾ ನೀರು ಸಾರ್. ಇಂಜಿನ್ ನಡು ಕಡಲಲ್ಲಿ ನಿಲ್ತದೆ. ಸಂಜೆಗೆ ಶಮಾಲ್ ಬೇರೆ ಉಂಟು."

ಆ ಕಡೆ ಟೀವಿಯ ಸದ್ದು ಸಣ್ಣದಾಯಿತು. "ಕ್ಯಾನ್ ಎಲ್ಲಿಟ್ಟಿದ್ರಿ?"

"ಹೊರಗೆ. ಮಸೀದಿ ಗೋಡೆ ಹತ್ತಿರ."

"ಹೊರಗ್ಯಾಕ್ರೀ ಇಟ್ರಿ?"

"ಒಳಗೆ ತಲೆ ತಿರುಗ್ತದೆ ಸಾರ್. ಲಾರಿ ಕಳಿಸಿ ಅಂತ ಹೇಳಿದ್ದೆ."

"ಲಾರಿ ವಿಷ್ಯ ಈಗ್ಯಾಕೆ? ನೋಡಿ, ಕೋಸ್ಟ್ ಗಾರ್ಡಿಗೆ ಫೋನ್ ಗೀನ್ ಮಾಡ್ಬೇಡಿ. ಅವರ ಹಿಂದೇನೇ ಎನ್ವಿರಾನ್‌ಮೆಂಟ್‌ನೋರು ಬರ್ತಾರೆ. ಎನ್‌ಕ್ವೈರಿ ಅಂತ ಶುರುವಾದ್ರೆ ಮೊದ್ಲು ಮನೆಗೆ ಹೋಗೋದು ನೀವೇ, ಆಮೇಲೆ ನಾನು. ಮುದುಕ ಸಮುದ್ರದಲ್ಲೇ ಹುಟ್ಟಿದೋನು, ಬರ್ತಾನೆ. ಸಂಜೆವರೆಗೆ ಕಾಯಿರಿ."

ಕಾಯುವುದು ನೊರ್ಬರ್ಟನಿಗೆ ಬಾರದ ವಿದ್ಯೆ. ಊರಿನ ಅಂಚಿನಲ್ಲಿದ್ದ ಕಾವಲು ಬುರುಜನ್ನು ಹತ್ತಿದ, ಇಳಿದ, ಮತ್ತೆ ಹತ್ತಿದ. ಕಡಲು ಬಿಳಿಚಿಕೊಂಡು ಮಲಗಿತ್ತು. ಒಂದೇ ಒಂದು ಚುಕ್ಕೆ ಇಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ. ಅಲ್ ವಕ್ರಾದಲ್ಲಿ ಹೆಂಡತಿ ಮಟಿಲ್ಡಾಳೂ ಮಗಳು ಕ್ಯಾರೊಲಳೂ ಇರುವುದು ಅದೇ ವೀಸಾದ ಮೇಲೆ. ಶಾಲೆಯ ವರ್ಷ ಇನ್ನೂ ಅರ್ಧವೂ ಆಗಿಲ್ಲ. ಒಂದು ವೇಳೆ ಫೋನು ಮಾಡಿ, ಅವರು ಹೊರಟು, ಅಷ್ಟರಲ್ಲಿ ಮುದುಕ ನಗುತ್ತ ದಡಕ್ಕೆ ಬಂದರೆ? ಎಲ್ಲರೂ ತನ್ನನ್ನೇ ನೋಡುತ್ತಾರೆ. ಡೀಸೆಲ್ಲನ್ನು ದೋಣಿಗೇ ಹಾಕಿದ್ದಾರೆ ಎಂದು ತನಗೆ ಹೇಗೆ ಗೊತ್ತು? ಹಾಕಿದ್ದಾರೆ. ಕ್ಯಾನು ಖಾಲಿಯಾಗಿದೆಯಲ್ಲ. ಬೇರೆ ಯಾತಕ್ಕೆ ಹಾಕುತ್ತಾರೆ?

ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ. ಕೆಂಪು ಬಟ್ಟೆ ಕೈಗೆ ಬಂತು.

ಅಷ್ಟರಲ್ಲಿ ಬಡಗಣ ದಿಕ್ಕಿನಲ್ಲಿ ಆಕಾಶದ ಬುಡ ಕಂದಾಗಿತ್ತು. ಮಾಡಿಲ್ಲದ ಮನೆಯೊಂದರಲ್ಲಿ ಕಿಟಕಿಯ ಬಾಗಿಲು ಒಮ್ಮೆ ಬಡಿದು ಸುಮ್ಮನಾಯಿತು.

ನೊರ್ಬರ್ಟ್ ಹೇಳಬೇಕಾದ ಮಾತನ್ನು ಮೊದಲು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡ. ಮಂಗಳೂರಿನಲ್ಲಿ ಹಗಲು ಗ್ಯಾರೇಜು, ಸಂಜೆ ತರಗತಿ ಎಂದು ಕಲಿತ ಇಂಗ್ಲಿಷ್ ಅದು. ಅವಸರದಲ್ಲಿ ಕೈಕೊಡುತ್ತಿತ್ತು. ಎರಡು ಸಲ ಹೇಳಿಕೊಂಡು ನೋಡಿ, ತುರ್ತು ನಂಬರ್ ಒತ್ತಿದ. ಫೋನೆತ್ತಿದವನು ಹಿಂದಿಯಲ್ಲೇ ಮಾತಾಡಿದಾಗ ಜೋಡಿಸಿಕೊಂಡದ್ದೆಲ್ಲ ವ್ಯರ್ಥವಾಯಿತು. ದೋಣಿಯಲ್ಲಿ ಇಬ್ಬರಿದ್ದಾರೆ. ಡೀಸೆಲ್‌ನಲ್ಲಿ ನೀರಿದೆ. ಇಂಜಿನ್ ನಿಂತಿದೆ.

"ನಿಂತಿದೆ ಅಂತ ಅವರು ಹೇಳಿದರಾ?"

"ಇಲ್ಲ. ಆದರೆ ನಿಂತಿರುತ್ತದೆ."

"ನಿನಗೆ ಹೇಗೆ ಗೊತ್ತು?"

"ಆ ಡೀಸೆಲ್ ನನ್ನದು," ಎಂದ ನೊರ್ಬರ್ಟ್.

ದೋಣಿ ಎಲ್ಲಿ ಎಂದು ಅವನು ಕೇಳಿದ. ಹಿಂದೊಮ್ಮೆ ಇದೇ ಬುರುಜಿನ ಮೇಲೆ ನಿಂತು ಅಬು ನಾಸಿರ್ ತೋರಿಸಿದ್ದ: ನೀರಿನ ಟ್ಯಾಂಕೂ ಮಸೀದಿಯ ಮುರಿದ ಮೂಲೆಯೂ ಒಂದೇ ಗೆರೆಗೆ ಬಂದರೆ, ಆ ಗೆರೆಯಲ್ಲೇ ನೇರ ಹೋದರೆ, ನೀರಿನ ಬಣ್ಣ ಬದಲಾಗುವ ಕಡೆ ನನ್ನ ಬುಟ್ಟಿಗಳು. ನೊರ್ಬರ್ಟ್ ಸರಿಯಾದ ಜಾಗಕ್ಕೆ ಸರಿದು ನಿಂತು, ಫೋನಿನ ದಿಕ್ಸೂಚಿ ನೋಡಿ ದಿಕ್ಕು ಹೇಳಿದ. ಫೋನು ಇಟ್ಟ ಮೇಲೆ ದಿಕ್ಕನ್ನು ಮತ್ತೆ ನೋಡಿದ. ಸರಿಯೇ ಇತ್ತು. ಮೂರನೆಯ ಸಲ ನೋಡಿದಾಗ ಸ್ವಲ್ಪ ಬೇರೆ ಕಂಡಿತು. ಮತ್ತೆ ಫೋನು ಮಾಡುವುದೋ ಬೇಡವೋ ಎಂದು ಒದ್ದಾಡುತ್ತಿರುವಾಗ ಗಾಳಿ ಬಂತು. ಮರಳು ಮುಖಕ್ಕೆ ಹೊಡೆಯಿತು. ಕಡಲು ಮರೆಯಾಯಿತು.

ಬೆಳಕು ಇಳಿಯುವ ಹೊತ್ತಿಗೆ ಕೋಸ್ಟ್ ಗಾರ್ಡಿನ ಬೂದು ಬೋಟು ಮುದುಕನ ದೋಣಿಯನ್ನು ಎಳೆದುಕೊಂಡು ಬಂತು. ನೊರ್ಬರ್ಟ್ ಸೊಂಟದ ನೀರಿಗೆ ಇಳಿದು ಹಗ್ಗ ಹಿಡಿದ. ಸಂಕಪ್ಪನ ಮೈಕೈ ಎಲ್ಲ ಕಪ್ಪು.

"ಎಂತ ಪೊರ್ಬುಗಳೇ," ಎಂದ ಸಂಕಪ್ಪ, ಕ್ರಿಶ್ಚಿಯನ್ನರನ್ನು ಊರಲ್ಲಿ ಕರೆಯುವ ಹಾಗೆಯೇ ಕರೆದು. "ನಿಮ್ಮ ಡೀಸೆಲ್‌ನಲ್ಲಿ ಮೀನು ಸಾಕಬಹುದು. ಫಿಲ್ಟರ್ ಬಿಚ್ಚಿದರೆ ಒಳಗೆ ಬಸಳೆ ಸಾರು."

"ತಪ್ಪಾಯ್ತು ಸಂಕಪ್ಪಣ್ಣ."

"ತಪ್ಪು ಮತ್ತೆ ಹೇಳುವ. ಮೊದಲು ಹಗ್ಗ ಕಟ್ಟಿ." ಆಮೇಲೆ ಸ್ವರ ತಗ್ಗಿಸಿ, "ಲಂಗರು ಹಿಡೀತಾ ಇರ್ಲಿಲ್ಲ ಮಾರಾಯ್ರೆ. ಬಂಡೆ ಹತ್ತಿರವೇ ಇತ್ತು. ಇವರು ಬರುವಾಗ ನಾನು ಸೊಂಟಕ್ಕೆ ಖಾಲಿ ಕ್ಯಾನ್ ಕಟ್ಟಿಕೊಂಡಾಗಿತ್ತು" ಎಂದ.

ಅಬು ನಾಸಿರ್ ಯಾರ ಕೈಯನ್ನೂ ಹಿಡಿಯದೆ ಇಳಿದ. ಅವನ ಜೀವಮಾನದಲ್ಲಿ ಆ ದೋಣಿಯನ್ನು ಇನ್ನೊಬ್ಬರು ಎಳೆದು ತಂದದ್ದು ಇದೇ ಮೊದಲು. ಡೀಸೆಲ್ ಕೊಟ್ಟವರು ಯಾರು ಎಂದು ಅಧಿಕಾರಿ ಕೇಳಿದಾಗ ಮುದುಕ ಅರಬಿಯಲ್ಲಿ ಗೋಡೆಯ ಕಡೆ ಕೈ ತೋರಿಸಿ ಏನೋ ಹೇಳಿದ. ಯಾರೂ ಕೊಟ್ಟಿಲ್ಲ, ಗೋಡೆಯ ಬುಡದ್ದು, ತೆಗೆದುಕೊಂಡವನು ನಾನು ಎಂದಿರಬೇಕು. ಅಧಿಕಾರಿ ತಲೆಯಾಡಿಸಿ ಹೊರಡಲು ತಿರುಗಿದ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಸರ್," ಎಂದ ನೊರ್ಬರ್ಟ್. ಮಧ್ಯಾಹ್ನ ಜೋಡಿಸಿಟ್ಟ ಇಂಗ್ಲಿಷ್ ಈಗ ಕೆಲಸಕ್ಕೆ ಬಂತು. ಅದು ಹೊಲಸು ಡೀಸೆಲ್, ಗುರುತು ಮಾಡದೆ ಹೊರಗೆ ಇಟ್ಟವನು ನಾನು, ಒಳಗೆ ಇನ್ನೂ ಇದೆ, ಯಾರಾದರೂ ಒಯ್ಯಬೇಕು. ಅಧಿಕಾರಿ ಅವನ ಐಡಿ ಕಾರ್ಡಿನ ಫೋಟೋ ತೆಗೆದುಕೊಂಡು, ನಾಳೆ ಬೆಳಿಗ್ಗೆ ಕಂಪೆನಿಯವರ ಜೊತೆ ಬಂದು ಕಾಣು ಎಂದ. ವೆಂಕಟರಾಮುವಿಗೆ ವಿಷಯ ತಿಳಿಸಿದರೆ ಅವನು ಬಯ್ಯಲೂ ಇಲ್ಲ. "ಖಲಾಸ್ ನೊರ್ಬರ್ಟ್. ಇನ್ನು ನಿಮ್ಮನ್ನ ಆ ದೇವರೇ ಕಾಪಾಡ್ಬೇಕು," ಎಂದು ಇಟ್ಟುಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಕೋಣೆಯ ಬಾಗಿಲಲ್ಲಿ ಅಬು ನಾಸಿರ್ ನಿಂತಿದ್ದ, ಹಿಂದೆ ಸಂಕಪ್ಪ.

"ಫೋನ್ ಮಾಡಿದ್ದು ನೀನಾ?" ಮುದುಕನ ಹಿಂದಿ ಒರಟು.

"ಹೌದು ಬಾಬಾ."

"ಮೀನು ತಿಂದೆಯಾ?"

ನೊರ್ಬರ್ಟನಿಗೆ ಮೀನಿನ ನೆನಪೇ ಇರಲಿಲ್ಲ. "ಇಲ್ಲ. ಅಲ್ಲೇ ಉಂಟು."

"ನಾನು ನಿನ್ನದನ್ನು ತೆಗೆದುಕೊಂಡೆ. ನನ್ನದನ್ನು ನೀನು ಬಿಸಾಡುತ್ತೀಯಾ?"

ಗೋಣಿಯ ತಂಪಿಗೆ ಮೀನು ಕೆಟ್ಟಿರಲಿಲ್ಲ. ಸಂಕಪ್ಪ ಒಲೆಯ ಮುಂದೆ ಕುಳಿತ. ಖಾರ ಅರೆಯುವುದು ಬೇಡ, ಪುಡಿ ಸಾಕು ಎಂದ ನೊರ್ಬರ್ಟನಿಗೆ "ಪೊರ್ಬುಗಳು ಡೀಸೆಲ್ ಮಾತ್ರ ನೋಡಿಕೊಳ್ಳಲಿ, ಅದೂ ಬೇಡ" ಎಂದು ಗದರಿದ. ಮೂವರೂ ಒಂದೇ ತಟ್ಟೆಯ ಸುತ್ತ ಕುಳಿತರು. ನೊರ್ಬರ್ಟ್ ತುತ್ತನ್ನು ತಟ್ಟೆಯಲ್ಲೇ ಹೊರಳಿಸುತ್ತಿದ್ದ. ಜನರೇಟರ್ ಒಮ್ಮೆ ಬಿಕ್ಕಿದ ಹಾಗಾಗಿ ಎದ್ದ. ಮುದುಕ ಭುಜ ಒತ್ತಿ ಕೂರಿಸಿದ. ಮೀನಿನ ಕೆನ್ನೆಯ ಮೆತ್ತನೆಯ ಭಾಗ ಬಿಡಿಸಿ ಅವನ ಮುಂದಿಟ್ಟ. ಅವನು ಅದನ್ನು ನುಂಗುವವರೆಗೂ ಕಣ್ಣು ತೆಗೆಯಲಿಲ್ಲ.

"ಈಗ ನಿನ್ನ ನನ್ನ ಲೆಕ್ಕ ಖಲಾಸ್," ಎಂದ. ಕೈ ಒರೆಸಿಕೊಂಡು, "ನಾಳೆ ನಾನೂ ಬರುತ್ತೇನೆ. ನಿನ್ನ ಗಾಡಿಯಲ್ಲೇ. ನನ್ನದರಲ್ಲಿ ಡೀಸೆಲ್ ಇಲ್ಲ."

ಸಂಕಪ್ಪ ನಕ್ಕ. ನೊರ್ಬರ್ಟನಿಗೆ ನಗು ಬರಲಿಲ್ಲ. ನಾಳೆ ಏನಾಗುತ್ತದೋ, ಮಟಿಲ್ಡಾಳಿಗೆ ಈಗಲೇ ಹೇಳುವುದೋ ಬೇಡವೋ. ಅವರು ಹೋದ ಮೇಲೆ ಒಳಗೆ ಉಳಿದಿದ್ದ ಕ್ಯಾನಿನ ಕೊರಳಿಗೆ ಕೆಂಪು ಬಟ್ಟೆ ಬಿಗಿದು, ಗಂಟು ಎಳೆದು ನೋಡಿ, ಮತ್ತೊಂದು ಗಂಟು ಹಾಕಿದ. ಆಚೆ ತೊಟ್ಟಿಯ ಮೇಲೆ ಅಂಗೈ ಇಟ್ಟ. ತಗಡು ತಣ್ಣಗಾಗುತ್ತಿತ್ತು. ಒಳಗೆ ಬೆವರಲು ಶುರುವಾಗಿರಬೇಕು. ಖಾಲಿ ಕ್ಯಾನೊಂದನ್ನು ಎಳೆದುಕೊಂಡು, ತಳದ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ.