ಸೂಜಿ ಕೇಳಲು ಬಂದ ದರ್ಜಿ

ಗಂಡ ತೀರಿಕೊಂಡ ಮೇಲೆ, ದಿನ ತುಂಬುವ ಮೊದಲೇ ಮಗಳು ಹುಟ್ಟಿದಳು. ಬೀದಿಯ ಆರೋಗ್ಯ ಕಾರ್ಯಕರ್ತೆ ಅವಳನ್ನು ಬರಿಮೈಯಲ್ಲಿ ನನ್ನ ಎದೆಗೆ ಒರಗಿಸಿ, ಮೇಲೆ ಬಟ್ಟೆ ಬಿಗಿದಳು.

"ನಿನ್ನ ಮೈ ಬಿಸೀನೇ ಇವಳಿಗೆ ಔಷಧಿ. ಇಳಿಸ್ಬೇಡ."

ನಾನು ಇಳಿಸಲಿಲ್ಲ. ಮಗುವನ್ನು ನೋಡಿದರೆ ನನಗೆ ಏನಾದರೂ ಅನ್ನಿಸುತ್ತದೆಯೇ ಎಂದೂ ಕೇಳಿದಳು. ಇಲ್ಲ ಎಂದೆ.

ಮರುದಿನದಿಂದ ಬೀದಿಯ ತಾಯಂದಿರ ಗುಂಪಿನವರು ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬಳಿಗೆ ಜರಡಿ ಬೇಕು, ಇನ್ನೊಬ್ಬಳಿಗೆ ಬೆಂಕಿಪೊಟ್ಟಣ. ಬಂದವರು ಕೂರುತ್ತಿದ್ದರು. ನನ್ನ ಮುಖ ನೋಡುತ್ತಿದ್ದರು, ಆಮೇಲೆ ಕೈ. ಹೋಗುವಾಗ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಪಿಸುಮಾತು. ಒಮ್ಮೆ ನಾದಿನಿಯ ಸುದ್ದಿ ಕಿವಿಗೆ ಬಿತ್ತು. ಅವಳಿಗೆ ಮಕ್ಕಳಿಲ್ಲ.

ಮಗುವನ್ನು ಅಲ್ಲಿಗೆ ಸಾಗಿಸುತ್ತಾರೆ, ನಾನು ಮಗು ಸಾಕಲಾರೆ ಎನ್ನಲು ಸಾಕ್ಷಿ ಕೂಡಿಸುತ್ತಿದ್ದಾರೆ ಎಂದುಕೊಂಡೆ. ಅಂದಿನಿಂದ ಕೋಣೆಯ ಚಿಲಕ ಹಾಕಿಕೊಂಡೇ ಇರತೊಡಗಿದೆ.

ಅತ್ತೆ ಅಂಗಡಿಗೆ ಹೋಗಿದ್ದಾಗ ಎದುರುಮನೆಯ ದರ್ಜಿ ಅಕ್ಕ ಬಾಗಿಲು ತಟ್ಟಿದಳು.

"ಒಂದು ಸೂಜಿ ಇದ್ರೆ ಕೊಡ್ತೀಯೇನೇ?"

ಚಿಲಕ ತೆಗೆದೆ. ಅವಳ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ತೋಳಿನ ಬಟ್ಟೆಗೆ ದಾರ ಪೋಣಿಸಿದ ಸೂಜಿಗಳನ್ನು ಚುಚ್ಚಿಕೊಂಡಿದ್ದಳು.

"ದರ್ಜಿ ಮನೇಲಿ ಸೂಜಿಗೆ ಬರಗಾಲವಾ ಅಕ್ಕಾ?"

ಅವಳು ತೋಳು ನೋಡಿಕೊಂಡು ನಕ್ಕಳು. "ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಜರಡಿ ಕೇಳೋಣ ಅಂದ್ರೆ ಅಂಗಡಿಯವಳು ಮೊದಲೇ ಕೇಳ್ಬಿಟ್ಟಿದ್ಳು."

"ಮಗೂನ ಯಾವಾಗ ಕರ್ಕೊಂಡು ಹೋಗ್ತೀರಿ?"

ನಗು ನಿಂತಿತು. ಅವಳು ನೆಲದ ಮೇಲೆ ಕೂತಳು.

"ನಿಮ್ಮತ್ತೆ ಹಾಗಂದಿದ್ದು ನಿಜ. ಸೊಸೆ ಕಲ್ಲಾಗಿದ್ದಾಳೆ, ಏನಾದ್ರೂ ಮಾಡ್ಕೊಂಡಾಳು, ಕೂಸನ್ನ ಮಗಳ ಮನೇಗೆ ಕಳಿಸ್ತೀನಿ ಅಂದ್ರು. ತಾಯಿ ಮೈ ಬಿಟ್ರೆ ಅದು ತಣ್ಣಗಾಗುತ್ತೆ, ಬೇಡ ಅಂದ್ಳು ಕಾರ್ಯಕರ್ತೆ. ನಾವು ಸರದಿ ಮೇಲೆ ಬಂದು ಕೂರ್ತೀವಿ ಅಂತ ನಿಮ್ಮತ್ತೇನ ಒಪ್ಪಿಸಿದ್ವಿ."

"ಕಾವಲಿಗೆ."

"ಹೂಂ ಕಣೇ, ಕಾವಲಿಗೆ. ಸುಳ್ಳು ಯಾಕೆ ಹೇಳ್ಲಿ?"

ಅವರ ಅನುಮಾನ ಪೂರ್ತಿ ಸುಳ್ಳೆಂದು ನಾನೂ ಹೇಳಲಿಲ್ಲ. ಎದೆಯ ಮೇಲೆ ಮಗಳು ಸೀನಿದಳು.

"ನಾಳೆ ಯಾರ ಸರದಿ?"

"ಹಾಲಿನವಳದು."

"ಅವಳೇನು ಕೇಳ್ತಾಳೆ, ಹಾಲಾ?"

ದರ್ಜಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ತಲೆ ಜಿಡ್ಡುಗಟ್ಟಿತ್ತು, ಸ್ನಾನ ಬೇಕೆನಿಸಿತು. ಏನಾದರೂ ಬೇಕೆನಿಸಿ ಬಹಳ ದಿನವಾಗಿತ್ತು.

"ಇವಳನ್ನ ಸ್ವಲ್ಪ ಹೊತ್ತು ಎದೆಗೆ ಒತ್ತಿ ಇಟ್ಕೊಳ್ತೀಯಾ ಅಕ್ಕಾ? ಮೊದ್ಲು ಆ ಸೂಜಿ ತೆಗಿ."

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ಚಾಚಿದಳು.

ಬಚ್ಚಲಿನ ಬಾಗಿಲನ್ನು ಅರ್ಧ ತೆರೆದೇ ಬಿಟ್ಟೆ. ಅಕ್ಕನಿಗೆ ನಾನು ಕಾಣಬೇಕಿತ್ತು, ನನಗೂ ಅವಳು.