ನುಡಿಸುವ ಶೂ

ಚೀಲದೊಳಗಿನ ಶೂಗಳು ಯಾರ ಕಣ್ಣಿಗೂ ಬೀಳದಿದ್ದರೆ ಸಾಕು ಎಂದು ಗೇಸಾ ಒಳಗೊಳಗೇ ಅಂದುಕೊಂಡಳು. ಕೈಯ ಜೊತೆ ಕಾಲಲ್ಲೂ ಮೆಟ್ಟಿ ನುಡಿಸಬೇಕಾದ ಆರ್ಗನ್‌ಗೆ ಕೂತಾಗ ಮಾತ್ರ ಹಾಕಿಕೊಳ್ಳುವ, ತೆಳು ಅಟ್ಟೆಯ ಕಪ್ಪು ಶೂಗಳು. ಲೈಪ್‌ಝಿಗ್‌ಗೆ ಬಂದು ಮೂರನೆಯ ದಿನ. ಅವು ಇನ್ನೂ ಬಟ್ಟೆ ಸುತ್ತಿಕೊಂಡೇ ಮಲಗಿದ್ದವು.

ಅಧ್ಯಯನ ಪ್ರವಾಸಕ್ಕೆ ಬಂದವರು ಐವರು ವಿದ್ಯಾರ್ಥಿಗಳು, ಒಬ್ಬರು ಪ್ರೊಫೆಸರ್. ಊರಿನ ಹಳೆಯ ಚರ್ಚೊಂದರ ಆರ್ಗನ್ ಮೂರು ಮಧ್ಯಾಹ್ನ ಅವರ ಪಾಲಿಗಿತ್ತು. ಅದಕ್ಕೆಂದೇ ಗೇಸಾ ಚಳಿಗಾಲವಿಡೀ ಒಂದೇ ಕೃತಿಯನ್ನು ತಿದ್ದಿ ತೀಡಿದ್ದಳು. ಆದರೆ ದನಿ ಬದಲಿಸುವ ಮರದ ಹಿಡಿಗಳು ನುಡಿಸುವವರ ಕೈಗೆ ಎಟುಕುವುದಿಲ್ಲ. ಎಳೆಯಲು ಪಕ್ಕದಲ್ಲಿ ಒಬ್ಬರು ನಿಲ್ಲಲೇಬೇಕು. ಮೊದಲ ದಿನ ಪ್ರೊಫೆಸರ್ ಹಾಲ್‌ಬೌವರ್ "ಯಾರು ನಿಲ್ತೀರಿ?" ಎಂದಾಗ ಉಳಿದವರೆಲ್ಲ ಚಾವಣಿಯ ಚಿತ್ತಾರ ನೋಡತೊಡಗಿದರು. ಆ ಮೌನ ತಡೆಯಲಾರದೆ ಗೇಸಾ, "ನಾನು ನಿಲ್ತೀನಿ ಸರ್, ನಂಗದು ಇಷ್ಟ" ಅಂದುಬಿಟ್ಟಳು.

ಅಲ್ಲಿಗೆ ಮುಗಿಯಿತು. ನುಡಿಸುವವರ ಪಟ್ಟಿಯಲ್ಲಿ ಅವಳ ಹೆಸರು ಕೊನೆಯದು. ಎರಡು ದಿನವೂ ಅವಳ ಸರದಿ ಬರುವ ಮೊದಲೇ ಹೊತ್ತು ಮೀರಿತ್ತು. 'ನಾಳೆ ನನ್ನ ಸರದಿ ಕೇಳುತ್ತೇನೆ' ಎಂದು ಡೈರಿಯಲ್ಲಿ ಎರಡು ಸಲ ಬರೆದಿದ್ದಳು. ಎರಡನೆಯ ಸಲ ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿದಿತ್ತು.

ಇವತ್ತು ಸಹಪಾಠಿ ಹೆನ್ನಿಂಗ್ ತನ್ನ ಸರದಿ ಮುಗಿದ ಮೇಲೂ ಬೆಂಚು ಬಿಡಲಿಲ್ಲ.

"ಇನ್ನೊಂದೇ ಸಲ ಮಾರಾಯ್ತಿ! ಆ ಕಹಳೆ ದನೀದು ಎಳಿ. ಅದಲ್ಲ, ಪಕ್ಕದ್ದು!"

ಗೇಸಾ ಎಳೆದಳು. ಅಂಗೈಯಲ್ಲಿ ಬೊಬ್ಬೆ ಬಂದಿತ್ತು.

ಚರ್ಚು ನೋಡಿಕೊಳ್ಳುವ ಹೆಂಗಸು ಫ್ರೌ ಕ್ಲೆಮ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬೀಗದ ಕೈಗಳ ಗೊಂಚಲು.

"ಇನ್ನು ಹದಿನೈದೇ ನಿಮಿಷ. ಆಮೇಲೆ ಪ್ರಾರ್ಥನೆಗೆ ಜನ ಬರ್ತಾರೆ. ನಿಮ್ಮ ಕಾಟಕ್ಕೆ ಪಾರಿವಾಳಗಳೇ ಗೋಪುರ ಬಿಟ್ಟು ಹೋಗಿವೆ!"

ತಿರುಗುವಾಗ ಅವರ ಕಾಲು ಗೇಸಾಳ ಚೀಲಕ್ಕೆ ತಾಗಿತು. ಚೀಲ ಮಗುಚಿತು, ಬಟ್ಟೆ ಬಿಚ್ಚಿಕೊಂಡಿತು. ಒಂದು ಶೂ ಹೆನ್ನಿಂಗ್‌ನ ಕಾಲ ಬಳಿ ಹೋಗಿ ಬಿತ್ತು.

"ಯಾರದಮ್ಮ ಇದು? ಅಟ್ಟೆಗೆ ಒಂದು ಚೂರು ಧೂಳಿಲ್ಲ!" ಎಂದರು ಫ್ರೌ ಕ್ಲೆಮ್.

ಹೆನ್ನಿಂಗ್ ನಕ್ಕ. "ಗೇಸಾದು. ಹಿಡಿ ಎಳೆಯೋಕೂ ಶೂ ಬೇಕೇನೇ? ಸರ್, ಇವಳಿಗೆ ನುಡಿಸೋದಕ್ಕಿಂತ ಎಳೆಯೋದೇ ಇಷ್ಟ. ಇನ್ನೊಂದು ಸಲ ಶುರು ಮಾಡ್ಲಾ?"

ಪ್ರೊಫೆಸರ್ ಪಟ್ಟಿಯನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. "ಹೌದೇನಮ್ಮ?"

'ಪರವಾಗಿಲ್ಲ ಸರ್' ಎಂಬ ಮಾತು ಎಂದಿನಂತೆ ತುಟಿಯವರೆಗೆ ಬಂತು. ಗೇಸಾ ಹಿಡಿಯಿಂದ ಕೈ ತೆಗೆದಳು. ಬಗ್ಗಿ ಶೂ ಎತ್ತಿಕೊಂಡಳು.

"ಇಲ್ಲ ಸರ್. ಅವತ್ತು ಸುಳ್ಳು ಹೇಳಿದ್ದೆ. ನಂಗೆ ಎಳೆಯೋದು ಒಂಚೂರೂ ಇಷ್ಟ ಇಲ್ಲ. ನಾನು ನುಡಿಸ್ಬೇಕು."