ವೀರಭದ್ರಯ್ಯನವರ ಟೆಸ್ಟ್ ರೈಡ್

ಚಾಮರಾಜಪೇಟೆಯ ವೀರಭದ್ರಯ್ಯನವರು ನಲವತ್ತೆರಡು ವರ್ಷ ತರಗುಪೇಟೆಯಲ್ಲಿ ಬೇಳೆ, ರವೆಯ ಸಗಟು ವ್ಯಾಪಾರ ಮಾಡಿದವರು. ಮೂಟೆಯೊಳಗೆ ಕೈ ತೂರಿಸಿ, ಒಂದು ಹಿಡಿ ತೆಗೆದು ಮೂಸಿ, ತೊಗರಿ ಯಾವ ಜಿಲ್ಲೆಯದೆಂದು ಹೇಳಿಬಿಡುತ್ತಿದ್ದರು. ಹೀಗಾಗಿ ಸೊಸೆ ಹರ್ಷಿತಾ ಮೋಟರ್‌ಸೈಕಲ್ ಕೊಳ್ಳುತ್ತೇನೆ ಎಂದಾಗ, ಆರಿಸುವುದಕ್ಕೆ ತಾವಿಲ್ಲದೆ ಆಗದು ಎಂದು ಅವರಿಗೆ ಅನ್ನಿಸಿದ್ದು ಸಹಜ.

ಹರ್ಷಿತಾ ಹಲ್ಲಿನ ಡಾಕ್ಟರು. ತವರು ಹರಿಹರ. ತಿಂಡಿ ಇಲ್ಲಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬೇಕು, ಬೆನ್ನೂ ನೋಯಬಾರದು, ಅಂಥ ಗಾಡಿ ಅವಳಿಗೆ ಬೇಕಿತ್ತು. ಅದನ್ನು ಸ್ಪೋರ್ಟ್ ಟೂರಿಂಗ್ ಎನ್ನುತ್ತಾರೆಂದೂ, ರೇಸ್ ಗಾಡಿಯಂತೆ ಹೊಟ್ಟೆ ಮೇಲೆ ಮಲಗಿ ಓಡಿಸುವುದಲ್ಲವೆಂದೂ, ದೊಡ್ಡ ಟೂರಿಂಗ್ ಗಾಡಿಯಂತೆ ಆನೆಯ ತೂಕದ್ದೂ ಅಲ್ಲವೆಂದೂ ಮಾವನಿಗೆ ವಿವರಿಸಿದಳು. ವೀರಭದ್ರಯ್ಯನವರು ಕಣ್ಣು ಮುಚ್ಚಿ ಯೋಚಿಸಿದರು.

"ಅಂದ್ರೆ ಚಿರೋಟಿ ರವೇನೂ ಅಲ್ಲ, ಬನ್ಸಿ ರವೇನೂ ಅಲ್ಲ. ಮಧ್ಯದ್ದು."

"ಹೂಂ ಮಾವ, ಅದೇ," ಎಂದಳು ಹರ್ಷಿತಾ. ಅಷ್ಟು ಚೆನ್ನಾಗಿ ಶೋರೂಮಿನವರೂ ಹೇಳಿರಲಿಲ್ಲ.

ಹಿಂದೆ ಒಬ್ಬರನ್ನು ಕೂರಿಸಿಕೊಂಡೇ ಓಡಿಸಿ ನೋಡಬೇಕಿತ್ತು. ಗಂಡ ಶರಣ್‌ಗೆ ಕಾರಿನ ಮುಂದಿನ ಸೀಟಿನಲ್ಲಿ ಕೂತರೂ ಹೊಟ್ಟೆ ತೊಳಸುತ್ತದೆ. ಅವನು ಮೊದಲೇ ಕೈಮುಗಿದುಬಿಟ್ಟಿದ್ದ. ಹಾಗಾಗಿ ಭಾನುವಾರ ಬೆಳಗ್ಗೆ ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿ ತೊಟ್ಟು ವೀರಭದ್ರಯ್ಯನವರೇ ಹೊರಟರು. ಹೊರಡುವ ಮುಂಚೆ ಹೆಂಡತಿ ಕಲ್ಯಾಣಮ್ಮ ಅವರನ್ನು ಅಡುಗೆಮನೆಗೆ ಕರೆದು, ಸೊಸೆಗೆ ಕೇಳಿಸದ ಹಾಗೆ ಒಂದು ಕೆಲಸ ಒಪ್ಪಿಸಿದ್ದರು.

"ಬೇಡ ಅಂತ ನಾವು ಹೇಳಿದ್ರೆ ಚೆನ್ನಾಗಿರಲ್ಲ. ಎಲ್ಲಾ ಗಾಡೀಲೂ ಏನಾದ್ರೂ ಹುಳುಕು ತೆಗೀರಿ. ಬೇಳೇಲಿ ತೆಗೀತಿದ್ರಲ್ಲ, ಹಂಗೆ."

ಶೋರೂಮು ಇದ್ದದ್ದು ಕುಮಾರ ಪಾರ್ಕಿನಲ್ಲಿ. ಮೂರು ಗಾಡಿಗಳನ್ನು ಹೊರಗೆ ನಿಲ್ಲಿಸಿದ್ದರು. ವೀರಭದ್ರಯ್ಯನವರು ಮೊದಲು ಕೆಂಪು ಗಾಡಿಯನ್ನು ಮೂರು ಸುತ್ತು ಸುತ್ತಿದರು, ಟೈರನ್ನು ಹೆಬ್ಬೆರಳಿನಿಂದ ಒತ್ತಿದರು, ಸೇಲ್ಸ್‌ಮನ್ ಅತ್ತ ತಿರುಗಿದಾಗ ಪೆಟ್ರೋಲ್ ಟ್ಯಾಂಕನ್ನು ಮೂಸಿಯೂ ನೋಡಿದರು. ಅದರ ಮೇಲೆ ಒಂದು ಸುತ್ತು ಹೋಗಿಬಂದು, ಹ್ಯಾಂಡಲ್ ಬಹಳ ತಗ್ಗು, ಹರಿಹರದವರೆಗೂ ಸೊಸೆ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಬಗ್ಗಿ ನಮಸ್ಕಾರ ಮಾಡಿಕೊಂಡೇ ಹೋಗಬೇಕಾಗುತ್ತದೆ ಎಂದರು. ನೀಲಿ ಗಾಡಿಯ ಹಿಂದಿನ ಸೀಟು ಸಣ್ಣ ಮಣೆಯಷ್ಟಿತ್ತು. ತಮ್ಮ ಅರ್ಧ ಭಾಗ ಮಾತ್ರ ಹರಿಹರ ತಲುಪೀತು ಎಂದರು. ಹರ್ಷಿತಾಗೂ ಎರಡೂ ಮಾತು ಸರಿಯೆನ್ನಿಸಿತು. ಹುಳುಕು ತೆಗೆಯುವ ಕೆಲಸ ಇಷ್ಟು ಸುಲಭವೆಂದು ವೀರಭದ್ರಯ್ಯನವರು ಎಣಿಸಿರಲಿಲ್ಲ.

ಮೂರನೆಯದು ಬೂದು ಬಣ್ಣದ್ದು. ಅದರ ಮೇಲೆ ಕೂತದ್ದೇ ಅವರಿಗೆ ದಿಗಿಲಾಯಿತು, ಏಕೆಂದರೆ ಎಲ್ಲವೂ ಚೆನ್ನಾಗಿತ್ತು. ಮಂಡಿ ಹಿಡಿಯಲಿಲ್ಲ. ಹಿಡಿದುಕೊಳ್ಳಲು ಎರಡೂ ಕಡೆ ಗಟ್ಟಿ ಹಿಡಿ. ಇಂಜಿನ್ನಿನ ಸದ್ದು ಸಣ್ಣಗೆ ಬೀಸುವ ಗಿರಣಿಯ ಹಾಗೆ. ಹೆಲ್ಮೆಟ್ ಹಾಕಿದ ಮೇಲೆ ಮಾತು ಕೇಳಿಸುವುದಿಲ್ಲವಾದ್ದರಿಂದ, ಭುಜವನ್ನು ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ಜೋರು ಎಂದು ಮಾವ ಸೊಸೆ ಮೊದಲೇ ಮಾತಾಡಿಕೊಂಡಿದ್ದರು.

ಶೇಷಾದ್ರಿಪುರಂ ದಾಟಿ ಮಲ್ಲೇಶ್ವರದ ಕಡೆ ರಸ್ತೆ ಖಾಲಿ ಸಿಕ್ಕಿತು. ಹರ್ಷಿತಾ ಸ್ವಲ್ಪ ಓಡಿಸಿದಳು. ಗಾಳಿ ಪಂಚೆಯೊಳಗೆ ಹೊಕ್ಕು ಅದನ್ನು ಬಲೂನಿನಂತೆ ಉಬ್ಬಿಸಿತು. ವೀರಭದ್ರಯ್ಯನವರು ಒಂದು ಕೈಯಿಂದ ಅದುಮಿದರು. ಗಂಟು ಸಡಿಲವಾಯಿತು. ಮರುಕ್ಷಣ ಪಂಚೆ ಒಮ್ಮೆಗೇ ಕಿತ್ತುಕೊಂಡು ಹೋಗಿ ಹಿಂದೆ ಬರುತ್ತಿದ್ದ ಆಟೋದ ಗಾಜಿನ ಮೇಲೆ ಹರಡಿಕೊಂಡಿತು.

ಗಾಬರಿಯಲ್ಲಿ ಅವರು ಸೊಸೆಯ ಭುಜವನ್ನು ಒಂದಲ್ಲ, ಹನ್ನೆರಡು ಸಲ ತಟ್ಟಿದರು. ಮಾವನಿಗೆ ಇಷ್ಟೊಂದು ಹುಮ್ಮಸ್ಸೇ ಎಂದು ಖುಷಿಯಾಗಿ ಹರ್ಷಿತಾ ಇನ್ನಷ್ಟು ಜೋರು ಮಾಡಿದಳು.

ಪಟ್ಟೆಪಟ್ಟೆ ಚಡ್ಡಿಯಲ್ಲಿ ವೀರಭದ್ರಯ್ಯನವರು ಮೊದಲು ಶಿವನನ್ನು ನೆನೆದರು. ಆಮೇಲೆ ಒಂದು ವಿಷಯ ಹೊಳೆಯಿತು: ಮುಖವೆಲ್ಲ ಮುಚ್ಚುವ ಹೆಲ್ಮೆಟ್ ಇದೆ, ಇದು ತಾವೆಂದು ಯಾರಿಗೆ ಗೊತ್ತು? ನಲವತ್ತೆರಡು ವರ್ಷ ಸಾಹುಕಾರರಾಗಿ ಬೆರಳಿನವರೆಗೂ ಮುಚ್ಚಿಕೊಂಡು ಓಡಾಡಿದ ಕಾಲಿಗೆ ತಂಪು ಗಾಳಿ ಬಡಿಯುತ್ತಿತ್ತು. ಬಸ್ ಸ್ಟಾಪಿನಲ್ಲಿ ಬಾಯಿ ತೆರೆದು ನಿಂತಿದ್ದವರಿಗೆ ಅವರು ಕೈ ಬೀಸಿದರು. ಒಬ್ಬ ಹೆಂಗಸು ಮರಳಿ ಕೈ ಬೀಸಿದಳು ಕೂಡ.

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಫುಟ್‌ಪಾತಿನ ಮೇಲೆ ಸೊಪ್ಪು ಹಿಡಿದು ನಿಂತಿದ್ದವರು ಮರಿಯಣ್ಣ. ತರಗುಪೇಟೆಯಲ್ಲಿ ವೀರಭದ್ರಯ್ಯನವರ ಪಕ್ಕದ ಅಂಗಡಿಯವರು, ಹಳೆಯ ಗೆಳೆಯರು. ಹರ್ಷಿತಾ ಹೆಲ್ಮೆಟ್ಟಿನ ಗಾಜು ಎತ್ತಿ ನಮಸ್ಕಾರ ಹೇಳಿದಳು. ಮರಿಯಣ್ಣನವರ ಕಣ್ಣು ಹಿಂದಿನ ಸೀಟಿಗೆ ಹೋಗಿ, ಕೆಳಗಿಳಿದು, ಅಲ್ಲೇ ನಿಂತಿತು.

"ಹಿಂದೆ ಯಾರಮ್ಮ?"

ಹರ್ಷಿತಾ ಆಗ ತಿರುಗಿ ನೋಡಿದಳು. ಮಾವನ ಮಾನ ಉಳಿಸಬೇಕೆಂದು ಬಾಯಿಗೆ ಬಂದದ್ದನ್ನು ಹೇಳಿದಳು: "ನಮ್ಮ ಕಡೆಯೋರು ಅಂಕಲ್." ಹಸಿರು ದೀಪ ಬಂತು, ಹೊರಟುಬಿಟ್ಟಳು. ಮುಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸಿದಾಗ, ಹಾರ್ನ್ ಹೊಡೆಯುತ್ತ ಬೆನ್ನಟ್ಟಿ ಬಂದ ಆಟೋದವನು ನಾಲ್ಕು ಮಡಿಕೆ ಮಾಡಿದ ಪಂಚೆಯನ್ನು ಎರಡೂ ಕೈಯಿಂದ ಒಪ್ಪಿಸಿ ಹೋದ.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮರಿಯಣ್ಣನವರ ಫೋನು ಬಂತು. ಕಲ್ಯಾಣಮ್ಮ ಎತ್ತಿದರು. ಹೂಂ, ಹೂಂ ಎನ್ನುತ್ತ ಅವರ ಮುಖ ಕೆಂಪಾಯಿತು. ಹರ್ಷಿತಾಳ ಹಿಂದೆ ಒಬ್ಬ ಮುದುಕರು ಬರೀ ಚಡ್ಡಿಯಲ್ಲಿ ಕೂತು ಊರಿಗೆಲ್ಲ ಟಾಟಾ ಮಾಡುತ್ತಿದ್ದರಂತೆ. ಅವಳ ಕಡೆಯವರಂತೆ. ಹರಿಹರದ ಬೀಗರೇ ಇರಬೇಕೆಂದು ಮರಿಯಣ್ಣನವರ ಊಹೆ.

"ಬೆಂಗಳೂರಿಗೆ ಬಂದೋರು ನಮ್ಮನೆಗೂ ಬರ್ಲಿಲ್ಲ. ಬಂದು ಮಾಡಿದ್ದು ನೋಡಿದ್ರೆ ಇದು," ಎಂದು ಕಲ್ಯಾಣಮ್ಮ ಬೀಗರ ನಂಬರ್ ಹುಡುಕತೊಡಗಿದರು.

ಹರ್ಷಿತಾ ತಟ್ಟೆಯಿಂದ ತಲೆ ಎತ್ತಲಿಲ್ಲ. ವೀರಭದ್ರಯ್ಯನವರು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ಸುಮ್ಮನಿದ್ದರೆ ತಾವು ಬಚಾವು. ಆದರೆ ಹರಿಹರದ ಬೀಗರು ಮನೆಯೊಳಗೂ ಅಂಗಿಯ ಮೇಲಿನ ಗುಂಡಿ ಬಿಚ್ಚದ ಮರ್ಯಾದಸ್ಥರು. ಅತ್ತ ಫೋನು ರಿಂಗಾಗುವುದು ಕೇಳಿಸಿತು.

"ಕಲ್ಯಾಣಿ, ಫೋನ್ ಇಡು," ಎಂದರು. "ಆ ಚಡ್ಡಿ ನಂದು."

ಶರಣ್‌ಗೆ ಸಾರು ನೆತ್ತಿಗೇರಿತು. ಕಲ್ಯಾಣಮ್ಮ ಫೋನು ಕೆಳಗಿಟ್ಟರು. ಕೇಳಿದ್ದು ಒಂದೇ: ಲಾಡಿ ಕಿತ್ತುಹೋದ ಆ ಹಳೇ ಚಡ್ಡಿಯೋ, ದೀಪಾವಳಿಗೆ ತಂದದ್ದೋ? ದೀಪಾವಳಿಯದು ಎಂದು ತಿಳಿದ ಮೇಲೆ ಅವರಿಗೆ ಉಸಿರು ಬಂತು. ಆಮೇಲೆ ನಗು ಬಂತು. ಬಂದದ್ದು ಪಾಯಸ ಬಡಿಸುವವರೆಗೂ ನಿಲ್ಲಲಿಲ್ಲ.

"ಹೋಗ್ಲಿ, ಆ ಗಾಡೀಲಿ ಹುಳುಕೇನು ಸಿಕ್ತು?" ಎಂದರು, ಸೊಸೆ ಎದುರಿಗಿರುವುದನ್ನೂ ಮರೆತು.

ವೀರಭದ್ರಯ್ಯನವರು ಎಷ್ಟು ಯೋಚಿಸಿದರೂ ಒಂದೂ ಹೊಳೆಯಲಿಲ್ಲ. ಮಾಲು ಚೊಕ್ಕ ಇದೆ ಎಂದು ಒಪ್ಪಿಕೊಂಡರು.

ಬೂದು ಗಾಡಿ ಮೂರು ವಾರದಲ್ಲಿ ಮನೆಗೆ ಬಂತು. ಅಷ್ಟರಲ್ಲಿ ವೀರಭದ್ರಯ್ಯನವರು ಬದುಕಿನಲ್ಲೇ ಮೊದಲ ಬಾರಿಗೆ ಪ್ಯಾಂಟು ಹೊಲಿಸಿಕೊಂಡಿದ್ದರು. ಪೂಜೆಯಾದ ಮೇಲೆ ಅದನ್ನು ತೊಟ್ಟು, ಬೆಲ್ಟು ಬಿಗಿದು ಅವರು ಹೊರಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕಲ್ಯಾಣಮ್ಮ ಕೂತಾಗಿತ್ತು. ಮೈಮೇಲೆ ಸೊಸೆಯ ಚೂಡಿದಾರ, ತಲೆಯ ಮೇಲೆ ಹೆಲ್ಮೆಟ್. ಸುಮ್ಮನೆ ಹತ್ತು ನಿಮಿಷ ಅಷ್ಟೇ ಎಂದು ಹೇಳಿ ಹೋದವರು, ತುಮಕೂರಿನಲ್ಲಿ ತಟ್ಟೆ ಇಡ್ಲಿ ತಿಂದು, ಸಂಜೆ ನಾಲ್ಕಕ್ಕೆ ವಾಪಸ್ಸು ಬಂದರು.